ಮೀಸಿ ತೋಯದ ಬಸಿ

ನಮ್ಮ ಯಜಮಾನರು ಒಮ್ಮೆ ಸೊಲ್ಲಾಪುರಕ್ಕೆ ಹೋಗಿ ಬಂದರು, ಅಷ್ಟಕ್ಕೇ ತಲೆ ಕೆಟ್ಟಿತು. ಅಲ್ಲಿ ಯಾವುದೋ ಹೋಟೆಲಿನಲ್ಲಿ ಚಹಾ ಕುಡಿದವರು, ವಿಜಾಪುರದ ಸಿದ್ಧೇಶ್ವರ ಗುಡಿಯ ಹತ್ತಿರದ ನಮ್ಮ ಚಹಾದಂಗಡಿಯನ್ನೂ ಹಾಗೇ ಮಾಡುತ್ತೇನೆಂದು ಹಟ ಹಿಡಿದರು. ಅಂಗಡಿ ಇದ್ದದ್ದು ಬಾದಶಾಹಿ ಕಾಲದ ಕಲ್ಲಿನ ಕಮಾನಿನೊಳಗೆ. ನೂರಾರು ವರ್ಷ ಯಾರ ಗೊಡವೆಗೂ ಹೋಗದೆ ನಿಂತಿದ್ದ ಆ ಕಲ್ಲಿಗೆ ಹಸಿರು ಆಯಿಲ್ ಪೇಂಟು ಬಳಿಸಿದರು. ದೀಪದ ಗೂಡಿನ ಮೇಲೆ ಆಳೆತ್ತರದ ಕನ್ನಡಿ ಬಂತು. ಗೋಡೆ ಬಾಗಿದ್ದರಿಂದ ಕನ್ನಡಿ ಮುಂದಕ್ಕೆ ವಾಲಿ, ಗಿರಾಕಿಗಳಿಗೆ ತಮ್ಮ ರುಮಾಲಿನ ನೆತ್ತಿ ಮಾತ್ರ ಕಾಣುತ್ತಿತ್ತು.

ಮೇಜಿಗೆಲ್ಲ ಸನ್ಮೈಕಾ. ಪ್ರತಿ ಮೇಜಿನ ಮೇಲೆ ಸಿಗರೇಟಿನ ಬೂದಿ ಉದುರಿಸಲು ದಪ್ಪ ಗಾಜಿನ ತಟ್ಟೆ. ಕಪ್ಪು, ಚಹಾ ಸುರುವಿಕೊಂಡು ಕುಡಿಯುವ ಬಸಿ, ಎಲ್ಲ ಹಳ್ಳಿ ಪದ್ಧತಿ ಎಂದರು. ಅವನ್ನು ಗುಜರಿಯವನಿಗೆ ಹಾಕಿ ಉದ್ದನೆಯ ಗಾಜಿನ ಗ್ಲಾಸು ತಂದರು.

"ಇಬ್ಬರ ನಡುವ ಒಂದ ಚಾ ಹೇಳಿದವರು ಹೆಂಗ ಹಂಚ್ಕೋಬೇಕ್ರಿ?" ಎಂದೆ.

"ನಿನಗ ಇದೆಲ್ಲ ತಿಳಿಯೂದಿಲ್ಲ, ಸುಮ್ಮನಿರು."

ಒಲೆಯ ಕಡೆ ತಿರುಗಿದೆ. ಕನಮಡಿಯ ಇಬ್ಬರು ರೈತರು ಒಂದು ಗ್ಲಾಸು ನಡುವೆ ಇಟ್ಟುಕೊಂಡು, ಎಂಜಲಾದೀತೆಂದು "ನೀ ಮೊದಲ ಕುಡಿ", "ಏ, ನೀ ಕುಡಿಯೋ" ಎನ್ನುತ್ತ ಕೂತರು. ಚಹಾ ಆರಿತು. ಅವರು ಮತ್ತೆ ಬರಲಿಲ್ಲ, ಉಳಿದವರೂ ಬರಲಿಲ್ಲ.

ಸುದ್ದಿ ತಿಕೋಟಾದಲ್ಲಿದ್ದ ನಮ್ಮ ಮಾವನಿಗೆ ಮುಟ್ಟಿತು. "ಬಂದು ನೋಡ್ತೀನಿ. ಅಂಗಡಿ ನಡ್ಯಾಂಗಿಲ್ಲಂದ್ರ ಗಂಟು ಕಟ್ರಿ, ಹೊಲಕ್ಕ ನಡೀರಿ" ಎಂದು ಹೇಳಿ ಕಳಿಸಿದರು. ತಿಕೋಟಾದ ಬಾವಿಯ ಹಗ್ಗ ಜಗ್ಗಿ ಜಗ್ಗಿ ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು. ಇಲ್ಲಿ ಅಂಗಡಿಯ ಹಿಂದೆಯೇ ನಳ. ತಿರುವಿದರೆ ಭೂತನಾಳ ಕೆರೆಯ ನೀರು. ಗಂಡನನ್ನು ಬಿಟ್ಟೇನು, ಆ ನಳ ಬಿಡಲಾರೆ ಎನ್ನುವಷ್ಟು ಸಿಟ್ಟು ಬಂದಿತ್ತು.

ಮಾವ ಬಬಲೇಶ್ವರದ ಬೀಗರನ್ನೂ ಕರೆದುಕೊಂಡು ಬಂದರು. ಮಾವನ ಮೀಸೆ ಕುಡಗೋಲಿನಷ್ಟು. ಚಹಾ ತುಂಬಿದ ಬಿಸಿ ಗ್ಲಾಸು ಮುಟ್ಟಿ ಕೈ ಕೊಡವಿದರು.

"ಬಸಿ ಎಲ್ಲೈತಲೇ?"

ಯಜಮಾನರು ಮೇಜು ಒರೆಸತೊಡಗಿದರು. ಬೀಗರು ಮರ್ಯಾದೆಗೆ ಕನ್ನಡಿಯ ಕಡೆ ನೋಡುತ್ತ ಕೂತರು. ನಾನು ಒಳಗೆ ಪರದೆಯ ಹಿಂದೆ ನಿಂತು, ಮುಗೀತು, ನಮ್ಮ ಗಂಟು ಕಟ್ಟಿದಂತೆಯೇ ಎಂದುಕೊಂಡೆ.

ಮಾವ ಅತ್ತಿತ್ತ ನೋಡಿದರು. ಬೂದಿಯ ತಟ್ಟೆ ಎಳೆದುಕೊಂಡು, ಧೋತರದ ಚುಂಗಿನಿಂದ ಒರೆಸಿ, ಅದರಲ್ಲಿ ಚಹಾ ಸುರುವಿದರು. ಅಂಚಿಗೆ ಸಿಗರೇಟು ಇಡಲು ಕೊರೆದ ತಗ್ಗು ಇರುತ್ತದಲ್ಲ, ಅದಕ್ಕೇ ತುಟಿ ಹಚ್ಚಿ ಸೊರ್ರೆಂದು ಎಳೆದರು.

"ಅಪ್ಪಾ, ಅದು..." ಎಂದು ಯಜಮಾನರು ಬಾಯಿ ತೆರೆದರು. ನಾನು ಪರದೆ ಸರಿಸಿ, ಸೌಟು ಎತ್ತಿ ತೋರಿಸಿದೆ. ಬಾಯಿ ಮುಚ್ಚಿದರು.

"ನೋಡ್ರಿ ಬೀಗರ! ಮೀಸಿ ತೋಯಬಾರ್ದಂತ ತಗ್ಗು ಮಾಡ್ಸ್ಯಾನ! ಕೈನೂ ಸುಡೂದಿಲ್ಲ!" ಮಾವ ಬೀಗರಿಗೂ ಒಂದು ತಟ್ಟೆಯಲ್ಲಿ ಸುರುವಿಕೊಟ್ಟರು. "ಇಂಥಾ ತಲಿ ಇದ್ದವನ್ನ ಹೊಲಕ್ಕ ಒಯ್ದು ಏನ್ ಮಾಡ್ಲಿ? ಇಲ್ಲೇ ಇರಲೇಳು!" ಹೋಗುವಾಗ ಎರಡು ತಟ್ಟೆ ಧೋತರದಲ್ಲಿ ಕಟ್ಟಿಕೊಂಡು ಹೋದರು.

ನಾನು ಹಿಂದೆ ಹೋಗಿ ನಳ ತಿರುವಿ, ಕೆಲಸವಿಲ್ಲದಿದ್ದರೂ ಒಂದು ಕೊಡ ತುಂಬಿದೆ. ಅಷ್ಟು ಸಂತೋಷವಾಗಿತ್ತು.

ಮುಂದಿನ ಸಂತೆಗೆ ತಿಕೋಟಾದವರು "ಮೀಸಿ ಬಸಿ ಎಲ್ಲೈತ್ರಿ?" ಎಂದು ಕೇಳುತ್ತ ಬಂದರು. ಯಜಮಾನರು ಸೊಲ್ಲಾಪುರದಿಂದ ಇನ್ನಷ್ಟು ತಟ್ಟೆ ತರಿಸಿದರು. ಒಂದು ದಿನ ಪ್ಯಾಂಟು ಹಾಕಿದ ಸಾಹೇಬರೊಬ್ಬರು ಅದರಲ್ಲಿ ಸಿಗರೇಟಿನ ಬೂದಿ ಉದುರಿಸಿದ್ದೇ ತಡ, ಯಜಮಾನರು ದುಡ್ಡಿನ ಗಲ್ಲೆ ಬಿಟ್ಟು ಎದ್ದು ಬಂದರು.

"ಏನ್ರಿ ಸಾಹೇಬ್ರ, ಚಾ ಕುಡಿಯೂ ಬಸಿಯೊಳಗ ಬೂದಿ ಹಾಕ್ತೀರಲ್ಲ! ಹಳ್ಳ್ಯಾಗಿಂದ ಬಂದೀರೇನು?"