ಕಡ್ಡಿ ಹೇಳಿದ್ದು, ಅತ್ತೆ ಹೇಳಿದ್ದು

ಲ್ಯಾಬ್ ಟೆಕ್ನಿಷಿಯನ್ ಆದ ನಾನು ಇವತ್ತು ನಮ್ಮ ಅತ್ತೆ ಎದುರು ಸೋತೆ ಕಣ್ರೀ, ಖುಷಿಯಿಂದ ಸೋತೆ.

ಹೋದ ವಾರ ಜನ್ನಾಪುರದ ಅತ್ತೆ ಮನೇಲಿ ನನ್ನ ವಾರಗಿತ್ತಿ ರೂಪಾ ಪ್ರೆಗ್ನೆನ್ಸಿ ಕಿಟ್‌ನಲ್ಲಿ ನೋಡ್ಕೊಂಡಾಗ ಒಂದೇ ಗೆರೆ ಬಂದಿತ್ತು. ವರ್ಷಗಳಿಂದ ಕಾಯ್ತಿರೋಳು, ಪಾಪ, ಊಟ ಬಿಟ್ಟು ಮಲಗಿದ್ದಳು. ಅತ್ತೆ ಮಾತ್ರ, "ಆ ಕಡ್ಡಿಗೇನು ಗೊತ್ತು? ಒಗ್ಗರಣೆ ವಾಸನೆಗೇ ಇವಳು ಬಾಯಿ ಮುಚ್ಕೊಂಡು ಹಿತ್ತಿಲಿಗೆ ಓಡ್ತಾಳೆ" ಅಂತ ಹಟ ಹಿಡಿದಿದ್ದರು.

ಇವತ್ತು ಶಿವಮೊಗ್ಗದ ನಮ್ಮ ಲ್ಯಾಬಲ್ಲಿ ಅವಳ ರಕ್ತ ಪರೀಕ್ಷೆ ಮಾಡಿದೆ. ಪಾಸಿಟಿವ್! ಸಂಜೆ ಅವಳನ್ನ ಕರ್ಕೊಂಡು ಜನ್ನಾಪುರಕ್ಕೆ ಹೋದೆ.

"ಕಡ್ಡಿ ಸುಳ್ಳು ಹೇಳ್ತಲ್ಲ, ಅದಕ್ಕೆ ನಿಮ್ಮಲ್ಲಿ ಏನಂತಾರೆ?" ಅಂದರು ಅತ್ತೆ.

"ಫಾಲ್ಸ್ ನೆಗೆಟಿವ್. ಇರೋದನ್ನ ಇಲ್ಲ ಅನ್ನೋದು."

"ನಾನು ಯಾವತ್ತಾದ್ರೂ ಹಾಗೆ ತಪ್ಪಿದ್ದೀನಾ?"

ತಪ್ಪಿಲ್ಲ. ಅವರ ಬೀದೀಲಿ ಒಬ್ಬ ಬಸುರಿಯನ್ನೂ ಅವರು ಗುರುತಿಸದೆ ಬಿಟ್ಟಿಲ್ಲ. ಯಾಕಂದ್ರೆ ತಲೆ ಸುತ್ತುತ್ತೆ ಅಂದ ಹೆಂಗಸರನ್ನೆಲ್ಲ ಬಸುರಿ ಅಂತಾರೆ! ಮದುವೆಮನೆ ಬೋಂಡಾ ತಿಂದು ವಾಂತಿ ಮಾಡಿದ ಪಕ್ಕದ್ಮನೆ ಟೀಚರಿಗೂ ಮಡಿಲು ತುಂಬೋಕೆ ಹೊರಟಿದ್ದರು.

"ಇಲ್ಲದ್ದನ್ನ ಇದೆ ಅನ್ನೋದು ಫಾಲ್ಸ್ ಪಾಸಿಟಿವ್, ಅತ್ತೆ. ಅದರಲ್ಲಿ ನಿಮ್ಮನ್ನ ಮೀರಿಸೋರಿಲ್ಲ" ಅಂದೆ. ರೂಪಾ ಬಿದ್ದು ಬಿದ್ದು ನಕ್ಕಳು.

ಅತ್ತೆ ನನ್ನ ಬಾಯಿಗೆ ಸಕ್ಕರೆ ಹಾಕಿ, ಮುಖಾನೇ ದಿಟ್ಟಿಸಿದರು. "ನಿನ್ನ ಮುಖದಲ್ಲೂ ಏನೋ ಕಳೆ ಇದೆಯಲ್ಲೇ, ಮಾರಾಯ್ತಿ!"

ನನ್ನ ಮಗಳೇ ಪಿಯುಸಿ ಓದ್ತಿದ್ದಾಳೆ. ಇದು ಶುದ್ಧ ಫಾಲ್ಸ್ ಪಾಸಿಟಿವ್ ಅಂತ ನಗ್ತಾನೇ ಹೊರಟ ನಾನು, ಬರೋ ದಾರೀಲಿ ಮೆಡಿಕಲ್ ಶಾಪ್ ಮುಂದೆ ಗಾಡಿ ನಿಲ್ಲಿಸಿ ಒಂದು ಕಿಟ್ ತಗೊಂಡೇ ಬಂದೆ.