ಹುಲುಗಪ್ಪನವರ ಗೇಮಿಂಗ್ ಕಂಪ್ಯೂಟರ್

2023ರ ಬೇಸಿಗೆಯಲ್ಲಿ ನಾನು ಹೊಸಪೇಟೆ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿರುವ ನಮ್ಮ ಕಂಪ್ಯೂಟರ್ ಅಂಗಡಿಯಲ್ಲಿ ಕೂರತೊಡಗಿದೆ. ಅದಕ್ಕೆ ಮುಂಚೆ ಇಪ್ಪತ್ತೆರಡು ವರ್ಷ ಗೃಹಿಣಿ. ಆ ಜನವರಿಯಲ್ಲಿ ಯಜಮಾನರು ತೀರಿಕೊಂಡಿದ್ದರು. ದುಃಖ ಎನ್ನುವಂಥದ್ದೇನೂ ಆಗ ನನಗೆ ತಿಳಿಯುತ್ತಿರಲಿಲ್ಲ; ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ದವಡೆ ಇರುತ್ತದಲ್ಲ, ಹಾಗಿದ್ದೆ. ಬೆಳಿಗ್ಗೆ ಶಟರ್ ಎತ್ತುತ್ತಿದ್ದೆ, ಸಂಜೆ ಇಳಿಸುತ್ತಿದ್ದೆ. ನಡುವೆ ಮೌಸು, ಕೇಬಲ್ಲು, ಪ್ರಿಂಟರ್ ಇಂಕು ಮಾರುತ್ತಿದ್ದೆ.

ಅಂಗಡಿಯ ನಿಜವಾದ ವ್ಯಾಪಾರ ಬಿಡಿಭಾಗ ಆರಿಸಿ ಕಂಪ್ಯೂಟರ್ ಜೋಡಿಸಿಕೊಡುವುದು. ಅದು ನಿಂತೇಹೋಗಿತ್ತು. ಯಜಮಾನರ ಅಣ್ಣ, ನನ್ನ ಭಾವನವರು, ಮೊಬೈಲ್ ಕವರ್ ಮಾರುವವರೊಬ್ಬರಿಗೆ ಅಂಗಡಿಯನ್ನು ಬಾಡಿಗೆಗೆ ಕೊಡುವ ಮಾತಾಡಿದ್ದರು.

“ಮಷಿನ್ ಜೋಡ್ಸೋರ ಇಲ್ಲಂದ ಮ್ಯಾಲ ಇದನ್ನ ಇಟ್ಕೊಂಡು ಏನ್ ಮಾಡ್ತಿ ಹೇಳಮ್ಮ? ಮುಂದಿನ ತಿಂಗ್ಳು ಮೊದಲ್ನೇ ಸೋಮವಾರ ಅಡ್ವಾನ್ಸ್ ತರ್ತಾರ. ಕೀಲಿ ಕೊಟ್ಬಿಡು.”

ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ನಾನು ಹೂಂ ಎಂದೆ.

ಅದೇ ವಾರ ಸಂಡೂರಿನಿಂದ ಹುಲುಗಪ್ಪ ಎಂಬವರು ಹೆಂಡತಿ ಶಾರದಮ್ಮನ ಜೊತೆ ಬಂದರು. ಇಪ್ಪತ್ತು ವರ್ಷ ಅದಿರಿನ ಲಾರಿ ಓಡಿಸಿದವರು. ಬೆನ್ನುಹುರಿಯ ತೊಂದರೆಯಿಂದ ಡಾಕ್ಟರು ಸ್ಟೀರಿಂಗ್ ಮುಟ್ಟಬೇಡಿ ಎಂದಿದ್ದರು. ಉಗುರಿನ ಸಂದಿಯಲ್ಲಿ ಇನ್ನೂ ಅದಿರಿನ ಕೆಂಪು ಉಳಿದಿತ್ತು. ಕಂಪ್ಯೂಟರಿನಲ್ಲಿ ಲಾರಿ ಓಡಿಸುವ ಆಟವಿದೆಯಂತೆ, ಅದಕ್ಕೊಂದು ಮಷಿನ್ ಬೇಕು, ಐವತ್ತು ಸಾವಿರದೊಳಗೆ. ಪರದೆಗೆ ಮನೆಯ ಟಿವಿ ಇದೆ ಎಂದರು.

“ಖರೇ ಲಾರಿ ಓಡ್ಸಿ ನಡಾ ಮುರ್ಕೊಂಡಾನ. ಈಗ ಟಿವ್ಯಾಗ ಓಡ್ಸಿ ಕಣ್ಣು ಕಳ್ಕೋತಾನಂತ,” ಎಂದರು ಶಾರದಮ್ಮ.

“ಡೀಸೆಲ್ ಖರ್ಚಿಲ್ಲ ಬಿಡಲೇ,” ಎಂದರು ಆತ.

ಊಟದ ಡಬ್ಬಿ ಒಯ್ದಾಗ ಯಜಮಾನರ ಎದುರು ಕೂತು ಸ್ಕ್ರೂ ಹಿಡಿದುಕೊಟ್ಟದ್ದಷ್ಟೇ ನನ್ನ ಅನುಭವ. ಜೊತೆಗೆ ಮ್ಯಾನುಯಲ್ ಓದುವಷ್ಟು ಕಾನ್ವೆಂಟ್ ಇಂಗ್ಲಿಷ್. ಇದೊಂದು ಸರಿಯಾದರೆ ಭಾವನವರಿಗೆ ಅಂಗಡಿ ಕೊಡುವುದಿಲ್ಲ ಎನ್ನಲು ಒಂದು ಆಧಾರ ಸಿಗುತ್ತದೆ, ಆಗದಿದ್ದರೆ ಕೀಲಿ ಕೊಡುವುದು ಇದ್ದೇ ಇದೆ ಎಂದು ಒಪ್ಪಿಕೊಂಡೆ. ಕೂರಿ ಎಂದೆ.

ಗೇಮಿಂಗ್ ಮಷಿನ್‌ನಲ್ಲಿ ಹೆಚ್ಚು ಹಣ ಹೋಗುವುದು ಆಟದ ಚಿತ್ರಗಳನ್ನು ಮೂಡಿಸುವ ಗ್ರಾಫಿಕ್ಸ್ ಕಾರ್ಡಿಗೆ. ಅದಕ್ಕೆ 20,500 ಇಟ್ಟೆ. ಆರು ಕೋರಿನ ಪ್ರೊಸೆಸರ್, ಮದರ್‌ಬೋರ್ಡ್, 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಸೇರಿ 23,800. ಉಳಿದದ್ದು 5,700. ಅಷ್ಟರಲ್ಲಿ ಎಲ್ಲವನ್ನೂ ಒಳಗೆ ಕೂರಿಸುವ ಕ್ಯಾಬಿನೆಟ್ ಮತ್ತು ಎಸ್‌ಎಂಪಿಎಸ್ ಬರಬೇಕು. ಎಸ್‌ಎಂಪಿಎಸ್ ಅಂದರೆ ಗೋಡೆಯ ಕರೆಂಟನ್ನು ಒಳಗಿನ ಭಾಗಗಳಿಗೆ ಬೇಕಾದ ಹದಕ್ಕೆ ಇಳಿಸಿ ಹಂಚುವ ಡಬ್ಬಿ. ಹುಲುಗಪ್ಪನವರ ಕಣ್ಣು ಗಾಜಿನ ಬಾಗಿಲಿನ, ಮೂರು ಬಣ್ಣದ ಫ್ಯಾನುಗಳು ಮಿನುಗುವ ಕ್ಯಾಬಿನೆಟ್ಟಿನ ಮೇಲೆ ಬಿದ್ದಿತ್ತು. ಅದಕ್ಕೆ ನಾಲ್ಕು ಸಾವಿರ.

“ಲೈಟಿಲ್ದ ಗಾಡಿ ಗಾಡಿ ಏನ್ರೀ ಅಕ್ಕಾರ?”

ಆಯಿತು ಎಂದು ಎಸ್‌ಎಂಪಿಎಸ್ಸನ್ನು 1,700ರದ್ದು ಹಾಕಿದೆ. ಅದರ ಮೇಲೆ 500 ವ್ಯಾಟ್ ಎಂದು ದೊಡ್ಡದಾಗಿ ಬರೆದಿತ್ತು.

ಮುಂದಿನ ತಿಂಗಳ ಮೊದಲ ಶನಿವಾರ ಮಧ್ಯಾಹ್ನಕ್ಕೆ ಜೋಡಣೆ ಮುಗಿಯಿತು. ಬಟನ್ ಒತ್ತಿದೆ. ಫ್ಯಾನು ತಿರುಗಿ, ಬಣ್ಣ ಹತ್ತಿ, ಪರದೆ ಬೆಳಗಿತು. ಗಂಡ ಹೆಂಡತಿ ಒಯ್ಯಲು ಬಂದೇ ಇದ್ದರು. ಶಾರದಮ್ಮ ಕ್ಯಾಬಿನೆಟ್ಟಿನ ಬದಿಗೆ ಬೆರಳಿನಿಂದ ತಟ್ಟಿ ನೋಡಿ ಕೈ ಹಿಂದೆಗೆದರು.

“ಇದು ಕಬ್ಬಿಣ ಐತಲ್ರೀ! ಶನಿವಾರ ಕಬ್ಬಿಣ ಮನಿಗೆ ಒಯ್ಯಂಗಿಲ್ಲ.”

“ಲೇ, ಇಪ್ಪತ್ತು ವರ್ಷ ಶನಿವಾರನೂ ಕಬ್ಬಿಣನ ಹೊತ್ತೀನಿ ನಾ.”

“ಅದು ಕಂಪ್ನಿಗೆ ಹೊತ್ತಿದ್ದು, ಮನಿಗಲ್ಲ. ನಾಳಿ ಕಂಪ್ಲಿಯಾಗ ಲಗ್ನ ಐತಿ. ಸೋಮವಾರ ಬಂದು ಒಯ್ಯಾಣು.”

ಮಷಿನ್ ಅಂಗಡಿಯಲ್ಲೇ ಉಳಿಯಿತು. ಭಾನುವಾರ ಮನೆಯಲ್ಲಿ ಮಾಡಲು ಏನೂ ಇರಲಿಲ್ಲ. ಅರ್ಧ ಶಟರ್ ಎತ್ತಿ ಒಳಗೆ ಕೂತು, ಅವರಿಗೆ ಬೇಕಾದ ಲಾರಿಯ ಆಟವನ್ನೇ ಹಚ್ಚಿದೆ. ಲಾರಿ ಹಿಮದ ನಡುವಿನ ಯಾವುದೋ ದೇಶದ ರಸ್ತೆಯಲ್ಲಿ ಹೊರಟಿತು. ಚಿತ್ರದ ಗುಣಮಟ್ಟ ಏರಿಸಿದ ಸ್ವಲ್ಪ ಹೊತ್ತಿಗೆ ಪರದೆ ಕಪ್ಪಾಗಿ ಮಷಿನ್ ನಿಂತಿತು. ಮತ್ತೆ ಹಚ್ಚಿದೆ. ಮತ್ತೆ ನಿಂತಿತು. ಗಾಬರಿ ಆಗಬೇಕಿತ್ತು, ಆಗಲಿಲ್ಲ. ಕೀಲಿ ಕೊಡುವುದೇ ಖಾತ್ರಿ ಎಂದುಕೊಂಡು ಮಷಿನ್ ಬಿಚ್ಚಿದೆ.

ಎಸ್‌ಎಂಪಿಎಸ್ಸಿನ ಬದಿಯ ಚೀಟಿಯನ್ನು ಆಗ ಪೂರ್ತಿ ಓದಿದೆ. ದೊಡ್ಡ 500ರ ಕೆಳಗೆ ಇರುವೆಯಂಥ ಅಕ್ಷರಗಳಲ್ಲಿ ಹನ್ನೆರಡು ವೋಲ್ಟಿನ ಸಾಲಿಗೆ ಹದಿನೆಂಟು ಆಂಪಿಯರ್ ಎಂದಿತ್ತು. ಗುಣಿಸಿದರೆ 216 ವ್ಯಾಟ್. ಕಾರ್ಡು, ಪ್ರೊಸೆಸರ್ ಎರಡೂ ದುಡಿಯುವುದು ಆ ಸಾಲಿನ ಮೇಲೇ. ಎರಡೂ ಒಟ್ಟಿಗೆ ಜೋರು ಹಿಡಿದರೆ ಅಷ್ಟು ಸಾಲದು.

ಬಳ್ಳಾರಿಯ ಡೀಲರಿಗೆ ಫೋನ್ ಮಾಡಿದೆ. ಒಳ್ಳೆಯ ಎಸ್‌ಎಂಪಿಎಸ್ಸಿಗೆ 3,600. ಬೆಳಿಗ್ಗೆಯ ಬಸ್ಸಿಗೆ ಹಾಕಿಕೊಡುತ್ತೇನೆಂದರು. ಆಮೇಲೆ ಹುಲುಗಪ್ಪನವರಿಗೆ ಮಾಡಿದೆ. ಹಿಂದೆ ಮದುವೆಯ ವಾಲಗ ಕೇಳುತ್ತಿತ್ತು.

“ಮಷಿನ್ ನಿಲ್ತಾ ಐತ್ರಿ. ಐವತ್ತರಾಗ ಸರಿಮಾಡ್ಬೇಕಂದ್ರ ಲೈಟಿನ ಕ್ಯಾಬಿನೆಟ್ ಬಿಡ್ಬೇಕಾಗ್ತದ. ಸಾದಾ ಡಬ್ಬಿ 2,100ಕ್ಕ ಐತಿ.”

ಆತ ವಾಲಗದಿಂದ ದೂರ ಸರಿದು ಕೇಳಿದರು.

“ಖಾಲಿ ಗಾಡಿ ಘಾಟ್ ಹತ್ತತೈತಿ, ಲೋಡ್ ಹಾಕಿದ್ರ ಉಸುರು ಕಟ್ತತಿ. ಹಂಗೇನ್ರಿ?”

“ಹಂಗ ರೀ.”

ಫೋನು ಶಾರದಮ್ಮನ ಕೈಗೆ ಹೋಗಿತ್ತು. “ಲೈಟ್ ತಗದ್ಬಿಡ್ರಿ ಅಕ್ಕಾರ. ದೀಪಾವಳಿ ಲೈಟಿನ ಸರ ಐತಿ, ಆ ಡಬ್ಬಿಗೂ ಕಟ್ತೀನಿ, ಈತನ ಕೊರಳಿಗೂ ಕಟ್ತೀನಿ.”

ಸೋಮವಾರ ಬಸ್ಸಿನಿಂದ ಪಾರ್ಸೆಲ್ ಇಳಿಸಿಕೊಂಡು ಎಲ್ಲವನ್ನೂ ಬೂದು ಬಣ್ಣದ ಸಾದಾ ಡಬ್ಬಿಗೆ ವರ್ಗಾಯಿಸಿದೆ. ಹುಲುಗಪ್ಪ ಬಂದವರೇ ಸ್ಟೂಲಿನ ಮೇಲೆ ಕೂತು ಆಟ ಹಚ್ಚಿದರು. ಗುಣಮಟ್ಟ ಪೂರ್ತಿ ಏರಿಸಿದೆ. ಲಾರಿ ಘಾಟ್ ಹತ್ತಿತು, ಇಳಿಯಿತು. ಮಧ್ಯಾಹ್ನ ಭಾವನವರು ಮೊಬೈಲ್ ಕವರಿನವರನ್ನು ಕರೆದುಕೊಂಡು ಬಂದಾಗ ಆತ ಇನ್ನೂ ಓಡಿಸುತ್ತಲೇ ಇದ್ದರು. ನಾನು ಫ್ಯಾನಿನ ಗಾಳಿಗೆ ಅಂಗೈ ಹಿಡಿದು ಬಿಸಿ ನೋಡುತ್ತಿದ್ದೆ.

“ಕೀಲಿ ಎಲ್ಲಮ್ಮ?”

“ಮಷಿನ್ ಲೋಡ್ ಮ್ಯಾಲ ಐತ್ರಿ ಭಾವನವರ. ಅಂಗಡಿ ಕೊಡೂದಿಲ್ಲ.”

“ಯಾರ್ ಜೋಡ್ಸಿದ್ರು ಇದನ್ನ?”

“ನಾನ ಜೋಡ್ಸಿದ್ದು.”

ಅವರು ಹುಲುಗಪ್ಪನವರ ಬೆನ್ನ ಹಿಂದೆ ನಿಂತು ಪರದೆಯಲ್ಲಿ ಒಂದು ಸೇತುವೆ ದಾಟುವಷ್ಟು ಹೊತ್ತು ನೋಡಿದರು. ಆಮೇಲೆ ಜೊತೆಗೆ ಬಂದವರನ್ನು ಚಹಾ ಕುಡಿಸಲು ಕರೆದುಕೊಂಡು ಹೋದರು.

ಆಗ ಸಂತೋಷವಾಯಿತು ಎಂದರೆ ಸುಳ್ಳಾಗುತ್ತದೆ. ಅಂಗೈಗೆ ಬಿಸಿ ತಾಗುತ್ತಿತ್ತು. ಅದು ನನಗೆ ಗೊತ್ತಾಗುತ್ತಿತ್ತು, ಅಷ್ಟೇ.

ಮೊದಲ ಸಲ ಬಜೆಟ್ಟಿನಲ್ಲಿ ಮಷಿನ್ ಕಟ್ಟಿಸಲು ಬಂದವರಿಗೆ ನಾನು ಈಗ ಎಸ್‌ಎಂಪಿಎಸ್ಸನ್ನೇ ಮೊದಲು ಆರಿಸಿಕೊಡುತ್ತೇನೆ. ಜೋಡಿಸಿದ ದಿನವೇ ಯಾರಿಗೂ ಒಯ್ಯಲು ಬಿಡುವುದಿಲ್ಲ, ಎಷ್ಟೇ ಅವಸರ ಮಾಡಲಿ. ಬಟನ್ ಒತ್ತಿದ ಕೂಡಲೇ ದೀಪ ಹತ್ತುವುದು ದೊಡ್ಡದಲ್ಲ. ಹೊರೆ ಬಿದ್ದಾಗ ನಿಲ್ಲದೆ ಓಡುತ್ತದೆಯೇ ಎಂಬುದನ್ನು ಹೊರೆ ಹಾಕಿಯೇ ತಿಳಿಯಬೇಕು, ಬೇರೆ ದಾರಿಯಿಲ್ಲ.