ಪೆಟ್ಟಿಗೆಗಿಂತ ಚಿಕ್ಕ ಸಹಿ

ಮಾರುಕಟ್ಟೆ ಕಟ್ಟಡದ ಮೆಟ್ಟಿಲು ಹತ್ತಿ ಎಡಕ್ಕೆ ತಿರುಗಿದರೆ ಒಂದು ಕೋಣೆ. ಮೂರು ಜನ ನಿಂತರೆ ನಾಲ್ಕನೆಯವರು ಉಸಿರು ಬಿಗಿಹಿಡಿದು ನಿಲ್ಲಬೇಕು, ಅಷ್ಟು ಚಿಕ್ಕದು. ಅದೇ ಫಾರಂ ಅಕ್ಕನ ಅಂಗಡಿ. ಒಂದು ಕಂಪ್ಯೂಟರು, ಒಂದು ಸ್ಕ್ಯಾನರು, ಮುಚ್ಚಳ ನಿಲ್ಲದೆ ರಬ್ಬರ್ ಬ್ಯಾಂಡು ಹಾಕಿಸಿಕೊಂಡ ಪ್ರಿಂಟರು, ಫೋಟೋ ತೆಗೆಯೋಕೆ ಗೋಡೆಗೆ ಬಿಗಿದ ಬಿಳಿ ಬಟ್ಟೆ. ಆಸ್ತಿ ಅಂದರೆ ಇಷ್ಟೇ.

ಈಗ ಎಲ್ಲಾ ಕಚೇರಿಗಳೂ ಕಾಗದದ ಅರ್ಜಿ ಬಿಟ್ಟು ಪಿಡಿಎಫ್ ಅರ್ಜಿ ಹಿಡಿದುಕೊಂಡಿವೆ. ಹೆಸರು, ವಿಳಾಸ, ಹುಟ್ಟಿದ ದಿನ ಎಲ್ಲವನ್ನೂ ಅದರಲ್ಲೇ ಟೈಪ್ ಮಾಡಬಹುದು. ಅಲ್ಲಿವರೆಗೆ ಜನರೂ ಹೇಗೋ ಮಾಡಿಕೊಂಡುಬಿಡುತ್ತಾರೆ. ಫೋಟೋ ಪೆಟ್ಟಿಗೆ ಮತ್ತು ಸಹಿ ಪೆಟ್ಟಿಗೆ ಬಂತೋ, ಎಲ್ಲರ ಬಂಡಿಯೂ ಅಲ್ಲೇ ಹೂತುಕೊಳ್ಳುತ್ತದೆ. ಕೆಲವರು ಪ್ರಿಂಟು ತೆಗೆದು ಗೋಂದಿನಲ್ಲಿ ಫೋಟೋ ಅಂಟಿಸಿ, ಅದನ್ನು ಮೊಬೈಲಿನಲ್ಲಿ ಹೊಡೆದು, ಮೂಲೆಯಲ್ಲಿ ತಮ್ಮ ಹೆಬ್ಬೆರಳನ್ನೂ ಸೇರಿಸಿ ಕಳಿಸುತ್ತಾರೆ. ಒಬ್ಬ ಮೇಷ್ಟ್ರಂತೂ ಅಕ್ಕನ ಮಾನಿಟರಿನ ಮೇಲೇ ಬಾಲ್‌ಪೆನ್ನಿನಲ್ಲಿ ಸಹಿ ಹಾಕೋಕೆ ಹೊರಟಿದ್ದರು. ಅಕ್ಕ ಕೈ ಹಿಡಿದದ್ದು ಒಂದು ಗೆರೆ ಬಿದ್ದ ಮೇಲೆ.

ಆದರೆ ಅಕ್ಕನ ಕೈಗೆ ಬಂದರೆ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸು. ಯಾಕೆಂದರೆ ಈ ಅಂಗಡಿ ಇಡುವ ಮೊದಲು ಹದಿನೆಂಟು ವರ್ಷ ಅವಳು ಒಂದು ಸ್ಟುಡಿಯೋದಲ್ಲಿ ಫೋಟೋ ತಿದ್ದುವ ಕೆಲಸ ಮಾಡಿದವಳು. ಮೊದಲು ಬ್ರಷ್ಷಿನಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ. ಮೊಡವೆ, ಮಚ್ಚೆ, ಕಣ್ಣ ಕೆಳಗಿನ ಕಪ್ಪು, ಜೋತುಬಿದ್ದ ಗಲ್ಲ ಎಲ್ಲವೂ ಅವಳ ಕೈ ಸೋಕಿದರೆ ಮಾಯ. ಅತ್ತೆಯ ಒಂದು ಫೋಟೋ ತಿದ್ದಿ ಮನೆಯ ನಡುಮನೆಯಲ್ಲಿ ತೂಗುಹಾಕಿದ್ದಳು. ಬಂದವರೆಲ್ಲ "ಇವರು ನಿಮ್ಮ ತಂಗೀನಾ?" ಅಂತ ಅತ್ತೆಯನ್ನೇ ಕೇಳುತ್ತಿದ್ದರು. "ನನ್ನ ಸೊಸೆ ಕೈಗೆ ಕೊಟ್ರೆ ಕತ್ತೇನೂ ಕುದುರೆ ಆಗತ್ತೆ" ಅಂತ ಅತ್ತೆ ಮೂಗು ಮುರಿಯುತ್ತಿದ್ದರು. ಆದರೆ ದಿನಾ ಬೆಳಿಗ್ಗೆ ಆ ಗಾಜಿನ ಧೂಳು ಒರೆಸುತ್ತಿದ್ದವರೂ ಅವರೇ.

ಅದೇ ಕಟ್ಟಡದ ಕೆಳಗೆ, ಮೆಟ್ಟಿಲ ಅಡಿಯಲ್ಲಿ, ಗಡಿಯಾರ ರಿಪೇರಿಯವರೊಬ್ಬರು ಕೂರುತ್ತಿದ್ದರು. ದಿನವಿಡೀ ಗಡಿಯಾರದ ಮುಳ್ಳುಗಳ ಜೊತೆ ಬದುಕೋದರಿಂದ ಎಲ್ಲರಿಗೂ ಅವರು ಮುಳ್ಳು ಮಾವ. ಒಂದು ಮೇಜು, ಅದರ ಮೇಲೆ ಗಾಜಿನ ಡಬ್ಬ, ಬಲಗಣ್ಣಿಗೆ ಒತ್ತಿಹಿಡಿದ ಒಂದು ಮಸೂರ. ಇಪ್ಪತ್ತೆಂಟು ವರ್ಷದಿಂದ ಆ ಜಾಗ ಬಿಟ್ಟು ಅಲ್ಲಾಡಿದವರಲ್ಲ.

ಈಗ ಅಲ್ಲಾಡುವ ಕಾಲ ಬಂದಿತ್ತು. ಕಟ್ಟಡದ ಆಡಳಿತ ಕೈ ಬದಲಾಗಿ, ಮೇಜು ಹಾಕಿಕೊಂಡವರೆಲ್ಲ ಹೊಸದಾಗಿ ಪಿಡಿಎಫ್ ಅರ್ಜಿ ಹಾಕಬೇಕು ಅಂತ ನೋಟೀಸು ಅಂಟಿಸಿದ್ದರು. ಫೋಟೋ, ಸಹಿ ಎರಡನ್ನೂ ಕಚೇರಿಯ ಹಳೇ ರಿಜಿಸ್ಟರಿನ ಜೊತೆ ಹೋಲಿಸಿ ನೋಡುತ್ತಾರೆ. ಶುಕ್ರವಾರ ಸಂಜೆ ಐದರೊಳಗೆ ಸರಿಯಾದ ಅರ್ಜಿ ಸೇರದಿದ್ದರೆ ಆ ಜಾಗ ಬೇರೆಯವರಿಗೆ. ಕಾಯುವವರ ಪಟ್ಟಿಯೂ ಉದ್ದವಿತ್ತು.

ಸೋಮವಾರ ಮುಳ್ಳು ಮಾವ ಮೆಟ್ಟಿಲು ಹತ್ತಿ ಬಂದರು. ಅಕ್ಕ ಫೋಟೋ ತೆಗೆದಳು. ಬಿಳಿ ಹಾಳೆ ಕೊಟ್ಟು, "ಇಲ್ಲಿ ಸೈನ್ ಹಾಕಿ ಮಾವ" ಅಂದಳು. ಅವರು ಹಾಕಿದರು. ಅಕ್ಕ ಹಾಳೆಯನ್ನು ಕಣ್ಣ ಹತ್ತಿರ ಹಿಡಿದಳು, ದೂರ ಹಿಡಿದಳು, ಬೆಳಕಿಗೆ ಹಿಡಿದಳು.

"ಎಲ್ಲಿದೆ ಮಾವ?"

"ಅಲ್ಲೇ ಇದ್ಯಲ್ಲಮ್ಮ. ಕಣ್ಣು ತೋರಿಸ್ಕೋ."

ಇತ್ತು. ಇರುವೆಯೊಂದು ನಡೆಯುತ್ತಾ ನಡೆಯುತ್ತಾ ಸುಸ್ತಾಗಿ ಕೂತ ಹಾಗೆ ಇತ್ತು. ತಪ್ಪು ಮಾವನದಲ್ಲ. ರಿಪೇರಿ ಮಾಡಿದ ಪ್ರತಿ ಗಡಿಯಾರದ ಮುಚ್ಚಳದ ಒಳಗೆ ಸೂಜಿಯಲ್ಲಿ ಗೀಚಿ ತಮ್ಮ ಸಹಿ ಹಾಕೋದು ಅವರ ಪದ್ಧತಿ. ಮುಂದೆ ಇನ್ನೊಬ್ಬ ರಿಪೇರಿಯವ ಬಿಚ್ಚಿದರೆ, ಯಾರ ಕೈ ಇದನ್ನು ಮುಟ್ಟಿದೆ ಅಂತ ಗೊತ್ತಾಗಬೇಕು. ನಲವತ್ತು ವರ್ಷ ಹಾಗೆ ಗೀಚಿ ಗೀಚಿ ಅವರ ಸಹಿ ಅಷ್ಟಕ್ಕೇ ನಿಂತುಬಿಟ್ಟಿತ್ತು.

ಮಾವ ಕೆಳಗೆ ಹೋದ ಮೇಲೆ ಅಕ್ಕ ಸಹಿಯನ್ನು ಸ್ಕ್ಯಾನ್ ಮಾಡಿ, ಸುತ್ತಲಿನ ಬಿಳಿಯನ್ನು ಕತ್ತರಿಸಿ, ಅರ್ಜಿಯ ಪೆಟ್ಟಿಗೆಗೆ ಹಾಕಿದಳು. ಪಿಡಿಎಫ್ ಅರ್ಜಿಯ ಪೆಟ್ಟಿಗೆಗೆ ಒಂದು ಗುಣವಿದೆ: ಕೊಟ್ಟ ಚಿತ್ರವನ್ನು ಎಳೆದು ತನ್ನ ಅಳತೆಗೆ ಹಿಗ್ಗಿಸಿಕೊಳ್ಳುತ್ತದೆ. ಇರುವೆ ಹಿಗ್ಗಿ, ಯಾರೋ ಚಪ್ಪಲಿಯಲ್ಲಿ ಹೊಸಕಿದ ಜಿರಳೆಯ ಹಾಗೆ ಮಸುಕು ಮಸುಕಾಗಿ ಕಂಡಿತು. ಅಕ್ಕನಿಗೆ ನೋಡಲಾಗಲಿಲ್ಲ. ಹಳೇ ಚಾಳಿ ಎಲ್ಲಿ ಹೋಗಬೇಕು? ಮೌಸು ಹಿಡಿದು ಆ ಮಸುಕಿನ ಮೇಲೆ ಹೊಸದಾಗಿ, ದುಂಡಗೆ ಸಹಿಯನ್ನು ಬರೆದೇಬಿಟ್ಟಳು. ಕೊನೆಯಲ್ಲಿ ಒಂದು ಬಾಲವನ್ನೂ ಎಳೆದಳು. ಫೋಟೋದಲ್ಲಿ ಮಾವನ ಬಲಗಣ್ಣಿನ ಸುತ್ತ ಮಸೂರ ಒತ್ತಿ ಒತ್ತಿ ಬಳೆಯ ಹಾಗೆ ಒಂದು ಗುಳಿ ಬಿದ್ದಿತ್ತು, ಅದನ್ನೂ ಸವರಿ ನುಣ್ಣಗೆ ಮಾಡಿದಳು. ಹತ್ತು ನಿಮಿಷದ ಕೆಲಸ. ಖುಷಿಯಿಂದ ಅರ್ಜಿ ಕಳಿಸಿದಳು.

ಬುಧವಾರ ಮಧ್ಯಾಹ್ನ ಕಚೇರಿಯಿಂದ ಉತ್ತರ ಬಂತು. ಫೋಟೋ ಮತ್ತು ಸಹಿ ನಮ್ಮ ದಾಖಲೆಗೆ ಹೊಂದುತ್ತಿಲ್ಲ, ಅರ್ಜಿ ತಿರಸ್ಕರಿಸಲಾಗಿದೆ, ಶುಕ್ರವಾರ ಐದರೊಳಗೆ ಇನ್ನೊಂದು ಸಲ ಮಾತ್ರ ಕಳಿಸಬಹುದು.

ಅಕ್ಕ ಗಡಿಬಿಡಿಯಲ್ಲಿ ಸೋಮವಾರದ ಸ್ಕ್ಯಾನನ್ನೇ ತೆಗೆದು ಇನ್ನೊಮ್ಮೆ ನೋಡಿದಳು. ಅದನ್ನು ಕಡಿಮೆ ಗುಣಮಟ್ಟದಲ್ಲಿ ತೆಗೆದಿದ್ದಳು, ಅದು ಯಾವ ಕೆಲಸಕ್ಕೂ ಬರುವಂತಿರಲಿಲ್ಲ. ಮಾವ ಮತ್ತೆ ಬಂದು ಸಹಿ ಹಾಕಲೇಬೇಕು. ಯಾಕೆ ಅಂತ ಕೇಳಿದರೆ? ಸರ್ವರ್ ಕೈಕೊಟ್ಟಿತು ಅಂದರೆ ಮುಗಿಯಿತು. ಈ ಕಾಲದಲ್ಲಿ ಸರ್ವರ್ ಮೇಲೆ ಹಾಕಿದ ತಪ್ಪನ್ನು ಯಾರೂ ವಾಪಸು ತರುವುದಿಲ್ಲ.

ಸಂಜೆ ಮನೆಯಲ್ಲಿ ತರಕಾರಿ ಹೆಚ್ಚುತ್ತಾ ಕೂತ ಅತ್ತೆಗೆ ಎಲ್ಲ ಹೇಳಿದಳು.

"ಸರ್ವರ್ ಅಂತೀಯಾ?" ಅತ್ತೆ ಚಾಕು ನಿಲ್ಲಿಸಿದರು. "ಅದಕ್ಕೆ ಪಾಪ ಬಾಯಿಲ್ಲ ಅಂತ ತಾನೆ?"

"ಒಳ್ಳೇದಕ್ಕೇ ಮಾಡಿದ್ದು ಅತ್ತೆ. ಚೆನ್ನಾಗಿ ಕಾಣ್ಲಿ ಅಂತ."

"ನನ್ನ ಫೋಟೋ ತಿದ್ದಿದಾಗ ನನ್ನ ಕೇಳಿದ್ಯಾ?"

"ನಿಮಗೆ ಇಷ್ಟ ಆಯ್ತಲ್ಲ!"

"ಆಯ್ತು. ಈಗ್ಲೂ ಇಷ್ಟಾನೇ. ಆದ್ರೆ ನೀನು ಕೇಳ್ಲಿಲ್ಲ." ಅತ್ತೆ ಮತ್ತೆ ಹೆಚ್ಚಲು ಶುರು ಮಾಡಿದರು. "ನನ್ನ ಫೋಟೋ ನೋಡ್ಕೊಂಡು ಯಾರೂ ನನ್ನ ಮನೆಯಿಂದ ಎಬ್ಬಿಸಲ್ಲ ಕಣೇ. ಅವ್ರನ್ನ ಎಬ್ಬಿಸ್ತಾರೆ."

ಗುರುವಾರ ಬೆಳಿಗ್ಗೆ ಅಕ್ಕ ಅಂಗಡಿಯ ಬಾಗಿಲು ತೆಗೆಯಲಿಲ್ಲ, ನೇರ ಮೆಟ್ಟಿಲ ಅಡಿಗೆ ಹೋದಳು. ಸಹಿಯನ್ನು ತಾನೇ ಬರೆದದ್ದು, ಕಣ್ಣಿನ ಗುಳಿ ಅಳಿಸಿದ್ದು, ಅರ್ಜಿ ವಾಪಸು ಬಂದದ್ದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ಮುಳ್ಳು ಮಾವ ಮಸೂರ ತೆಗೆದು ಮೇಜಿನ ಮೇಲಿಟ್ಟರು. ಕೂಗಾಡಿದ್ದರೆ ಅಕ್ಕನಿಗೆ ಹಗುರಾಗುತ್ತಿತ್ತೇನೋ. ಅವರು ಕೂಗಲಿಲ್ಲ.

"ನನ್ನ ಹತ್ರ ಬಂದ ಗಡಿಯಾರಕ್ಕೆ ಒಂದು ಸ್ಕ್ರೂ ಬದಲಾಯಿಸಿದ್ರೂ ನಾನು ಹೇಳಿ ಕೊಡ್ತೀನಮ್ಮ. ಹಳೇ ಸ್ಕ್ರೂನೂ ಪೊಟ್ಟಣ ಕಟ್ಟಿ ಕೊಡ್ತೀನಿ. ನೀನು ನನ್ನ ಮುಖ ಬದಲಾಯಿಸಿದ್ದೀಯ, ಹೇಳ್ಲಿಲ್ಲ."

"ತಪ್ಪಾಯ್ತು ಮಾವ. ಇವತ್ತೇ ಸರಿ ಮಾಡಿ ಕಳಿಸ್ತೀನಿ, ಮೇಲೆ ಬನ್ನಿ."

"ಬೇಡ. ಎದುರು ರಸ್ತೆಯಲ್ಲಿ ಇನ್ನೊಂದು ಅಂಗಡಿ ಇದೆ, ಅಲ್ಲಿ ಮಾಡಿಸ್ಕೋತೀನಿ."

ಅಕ್ಕ ಮೇಲೆ ಬಂದು ಕೂತಳು. ಅವತ್ತು ಬಂದವರೆಲ್ಲರ ಅರ್ಜಿಯನ್ನೂ ಮಾಡಿಕೊಟ್ಟಳು. ಆದರೆ ಮನಸ್ಸು ಮಾತ್ರ ಮೆಟ್ಟಿಲ ಕೆಳಗೇ ಇತ್ತು. ಇಪ್ಪತ್ತೆಂಟು ವರ್ಷದ ಜಾಗ ತನ್ನ ಹತ್ತು ನಿಮಿಷದ ಖುಷಿಗೆ ಹೋಗಿಬಿಡುತ್ತಾ?

ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಬಾಗಿಲಲ್ಲಿ ನೆರಳು ಕಂಡಿತು. ಮುಳ್ಳು ಮಾವ. ಕೈಯಲ್ಲಿ ಮಡಿಸಿದ ನಾಲ್ಕು ಹಾಳೆ. ಅವನ್ನು ಮೇಜಿನ ಮೇಲೆ ಹರಡಿದರು. ಉದ್ದಕ್ಕೂ ಅಗಲಕ್ಕೂ ದೊಡ್ಡ ದೊಡ್ಡ ಸಹಿಗಳು, ನಲವತ್ತೋ ಐವತ್ತೋ. ಒಂದರ ಹಾಗೆ ಇನ್ನೊಂದಿಲ್ಲ.

"ಪೆಟ್ಟಿಗೆ ತುಂಬೋ ಹಾಗೆ ದೊಡ್ಡದಾಗಿ ಹಾಕಿ ಅಂದ ಎದುರು ಅಂಗಡಿಯವ್ನು. ನಿನ್ನೆಯಿಂದ ಹಾಕ್ತಾನೇ ಇದೀನಿ. ಇದ್ರಲ್ಲಿ ಒಂದೂ ನಾನಲ್ಲ." ಅವರು ಸ್ಟೂಲಿನ ಮೇಲೆ ಕುಸಿದು ಕೂತರು. "ಕೈ ಕೇಳಲ್ಲಮ್ಮ. ದೊಡ್ಡದು ಅಂದ್ರೆ ಹೆದರತ್ತೆ."

ಅಕ್ಕ ಆ ಹಾಳೆಗಳನ್ನು ನೋಡಿದಳು. ಪೆಟ್ಟಿಗೆ ತುಂಬಬೇಕು. ತಾನೂ ಮಾಡಿದ್ದು ಇದನ್ನೇ ಅಲ್ಲವೇ? ಮೌಸಿನಲ್ಲಿ ಮಾಡಿದ್ದು ಅಷ್ಟೇ ವ್ಯತ್ಯಾಸ. ಅವಳು ಅರ್ಜಿಯನ್ನು ಮತ್ತೆ ತೆರೆದು, ಸಹಿಯ ಬಗ್ಗೆ ಬರೆದ ಸೂಚನೆಯನ್ನು ಮೊದಲ ಸಲ ನಿಧಾನವಾಗಿ ಓದಿದಳು. ಸಹಿ ಸ್ಪಷ್ಟವಾಗಿರಬೇಕು, ಪೆಟ್ಟಿಗೆಯ ಒಳಗಿರಬೇಕು. ಅಷ್ಟೇ ಇತ್ತು. ತುಂಬಬೇಕು ಅಂತ ಎಲ್ಲೂ ಇರಲಿಲ್ಲ.

ಪೆಟ್ಟಿಗೆಯನ್ನು ನಿಜ ಅಳತೆಯಲ್ಲಿ ಪ್ರಿಂಟು ತೆಗೆದು ಸ್ಕೇಲು ಇಟ್ಟಳು. ಆರು ಸೆಂಟಿಮೀಟರು ಉದ್ದ, ಎರಡು ಅಗಲ. ಬಿಳಿ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಸರಿಯಾಗಿ ಅಷ್ಟೇ ಅಳತೆಯ ಚೌಕಟ್ಟು ಎಳೆದಳು.

"ಇದರ ನಡುವೆ ಹಾಕಿ ಮಾವ. ನಿಮ್ಮ ಸೈನೇ. ಮುಚ್ಚಳದ ಒಳಗೆ ಹಾಕೋ ಹಾಗೆ."

"ಇಷ್ಟು ಖಾಲಿ ಬಿಟ್ಟು?"

"ಖಾಲಿ ಇರ್ಲಿ ಬಿಡಿ. ಖಾಲಿ ಜಾಗಕ್ಕೂ ಒಂದಿಷ್ಟು ಕೆಲಸ ಕೊಡೋಣ."

ಮಾವ ಪೆನ್ನು ಹಿಡಿದು ಬಗ್ಗಿದರು. ಒಂದು ಕ್ಷಣ. ಮೈದಾನದ ನಡುವೆ ಇರುವೆ ಬಂದು ಕೂತಿತು. ಈ ಸಲ ಅಕ್ಕ ಸ್ಕ್ಯಾನರಿನ ಗುಣಮಟ್ಟವನ್ನು ಮೇಲಕ್ಕೇರಿಸಿದಳು. ಸುತ್ತಲಿನ ಬಿಳಿಯನ್ನು ಕತ್ತರಿಸದೆ ಪೆನ್ಸಿಲ್ ಗೆರೆಯ ಒಳಗಿನದನ್ನೆಲ್ಲ ಹಾಗೇ ಉಳಿಸಿಕೊಂಡಳು. ಚಿತ್ರವೇ ಪೆಟ್ಟಿಗೆಯಷ್ಟಿದ್ದುದರಿಂದ ಪೆಟ್ಟಿಗೆಗೆ ಎಳೆದು ಹಿಗ್ಗಿಸುವ ಕೆಲಸವೇ ಉಳಿಯಲಿಲ್ಲ. ಸಹಿ ನಡುವೆ ಚೊಕ್ಕವಾಗಿ ನಿಂತಿತು. ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದರೆ ಒಂದೊಂದು ತಿರುವೂ ಸೂಜಿಯಲ್ಲಿ ಕೊರೆದ ಹಾಗೆ ಸ್ಪಷ್ಟ.

ಮಾವ ಪರದೆಯ ಹತ್ತಿರ ಮುಖ ತಂದು ನೋಡಿದರು. "ಹಾಂ. ಇವನು ಗೊತ್ತು ನಂಗೆ."

ಆಮೇಲೆ ಹೊಸ ಫೋಟೋ. ಬಿಳಿ ಬಟ್ಟೆಯ ಮುಂದೆ ಮಾವ ಗಂಟುಮೋರೆ ಹಾಕಿ ಕೂತರು. ಫೋಟೋ ಪರದೆಗೆ ಬಂತು: ಬಲಗಣ್ಣಿನ ಸುತ್ತ ಗುಳಿ, ಹಣೆಯ ಮೇಲೆ ಗೆರೆ, ಒಂದು ಹುಬ್ಬು ಇನ್ನೊಂದಕ್ಕಿಂತ ಮೇಲೆ. ಅಕ್ಕನ ಬೆರಳು ಮೌಸಿನ ಮೇಲೆ ಚಡಪಡಿಸಿತು.

"ಹುಬ್ಬು ಒಂಚೂರು..." ಅಂದಳು ತಡೆಯಲಾಗದೆ.

"ಏನು ಹುಬ್ಬು?"

"ಏನಿಲ್ಲ ಮಾವ. ಕೇಳ್ದೆ ಅಷ್ಟೆ. ಮುಟ್ಟಲ್ಲ."

"ಕೇಳಿದ್ಯಲ್ಲ, ಅದಕ್ಕೆ ಹೇಳ್ತೀನಿ. ಬೇಡ. ನಲವತ್ತು ವರ್ಷ ಮಸೂರ ಹಿಡಿದ ಹುಬ್ಬು ಅದು, ಇಳಿಸಿದ್ರೂ ಇಳಿಯಲ್ಲ."

ನಾಲ್ಕು ಇಪ್ಪತ್ತಕ್ಕೆ ಅರ್ಜಿ ಹೋಯಿತು. ತಲುಪಿದೆ ಅಂತ ಒಂದು ಸಾಲಿನ ಉತ್ತರವೂ ಬಂತು. ಒಪ್ಪಿದ್ದಾರೋ ಇಲ್ಲವೋ ಸೋಮವಾರವೇ ಗೊತ್ತಾಗೋದು. ಮಾವ ಬಾಗಿಲ ತನಕ ಹೋದವರು ಅಲ್ಲೇ ನಿಂತರು. "ಎದುರು ಅಂಗಡಿಯವನು ಕುರ್ಚಿ ಕೊಟ್ಟಿದ್ದ," ಅಂದರು. "ನಿನ್ನ ಸ್ಟೂಲು ಕುಂಟತ್ತೆ. ಕಳ್ಸು, ನೋಡ್ತೀನಿ." ಅದು ಕ್ಷಮೆಯೋ ಬೈಗುಳವೋ ಅಕ್ಕನಿಗೆ ತಿಳಿಯಲಿಲ್ಲ. ಆದರೂ ಹಗುರಾಯಿತು.

ಶನಿವಾರ, ಭಾನುವಾರ ಅವಳಿಗೆ ಊಟ ರುಚಿಸಲಿಲ್ಲ. ಅತ್ತೆ ತಟ್ಟೆಗೆ ಎರಡನೇ ಸಲ ಬಡಿಸಿದರು.

ಸೋಮವಾರ ಹನ್ನೊಂದಕ್ಕೆ ಕಚೇರಿಯ ಉತ್ತರ ಬಂತು. ಅಕ್ಕ ಅದನ್ನು ಎರಡು ಸಲ ಓದಿದಳು, ಪ್ರಿಂಟು ತೆಗೆದಳು, ಮೆಟ್ಟಿಲನ್ನು ಎರಡೆರಡಾಗಿ ಇಳಿದಳು. ಮುಳ್ಳು ಮಾವ ಮಸೂರ ಕಣ್ಣಿಗೊತ್ತಿಕೊಂಡು, ಇಕ್ಕಳದ ತುದಿಯಲ್ಲಿ ಸಾಸಿವೆಗಿಂತ ಚಿಕ್ಕ ಸ್ಕ್ರೂ ಹಿಡಿದು ಕೂತಿದ್ದರು. ತಲೆಯೆತ್ತದೆ ಎಡಗೈಯ ಬೆರಳೊಂದನ್ನು ಎತ್ತಿ ತೋರಿಸಿದರು: ಇರು.

ಅಕ್ಕ ನಿಂತಳು. ಸ್ಕ್ರೂ ಕೂತಿತು, ತಿರುಗಿತು, ಬಿಗಿಯಾಯಿತು. ಗಡಿಯಾರ ನಡೆಯತೊಡಗಿತು.

"ಹೇಳು."

"ಒಪ್ಕೊಂಡಿದ್ದಾರೆ ಮಾವ. ಜಾಗ ನಿಮ್ಮದೇ."

ಮಾವ ಮಸೂರ ತೆಗೆದರು. ಮೇಜಿನ ಅಂಚನ್ನು ಅಂಗೈಯಿಂದ ಒಂದು ಸಲ ಸವರಿದರು. ಕಾಗದ ಇಸಿದುಕೊಂಡು ಅದರಲ್ಲಿ ಅಚ್ಚಾದ ತಮ್ಮ ಫೋಟೋವನ್ನು ತುಂಬಾ ಹೊತ್ತು ನೋಡಿದರು.

"ಇದು ನಾನೇನಾ?"

"ನೀವೇ ಮಾವ. ಒಂದು ಚುಕ್ಕಿನೂ ಮುಟ್ಟಿಲ್ಲ."

"ಈ ಮುಖ ನೋಡಿನೂ ಒಪ್ಕೊಂಡ್ರಾ?" ಅಂದರು ಮುಳ್ಳು ಮಾವ. "ಒಳ್ಳೇ ಜನ ಕಣಮ್ಮ."